ಹೇಳಿದಷ್ಟೇ ಮಾಡುವ ಕಪ್ಪೆ

ಯಾವ ಕಾಲ ಅಂತ ಕೇಳಬೇಡಿ, ಹೇಳಿ ಹೇಳಿ ನನಗೂ ಸಾಕಾಗಿದೆ. ಬಹಳ ಹಿಂದೆ, ಏಳು ಬೆಟ್ಟದ ಆಚೆ, ಎಳೆಗೆರೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಎಲ್ಲರೂ ದಣಿದಿದ್ದರು. ಎಲ್ಲರಿಗಿಂತ ಹೆಚ್ಚು ದಣಿದವನು ಅರಮನೆಯ ಓಲೆ ಬರೆಯುವ ಕರಿಬಸಯ್ಯ.

ಇದಕ್ಕೆಲ್ಲ ಕಾರಣ ಬೂದಿಮುಖ ಅನ್ನುವ ಮಾಂತ್ರಿಕ. ಹಾಳಾದವನು ಪ್ರತಿ ಹುಣ್ಣಿಮೆ ಹೊತ್ತು ಮುಳುಗುವಾಗ ಬೆಟ್ಟದ ಮೇಲೆ ನಿಂತು ಮಂತ್ರ ಬಿಡುತ್ತಿದ್ದ. ಬಾಗಿಲಿಗೆ ಕಟ್ಟಿದ ರಕ್ಷೆಯ ಓಲೆಯಲ್ಲಿ ಹೆಸರಿಲ್ಲದವರು, ಮಕ್ಕಳ ಹೊರತು, ಬೆಳ್ಳಕ್ಕಿಯಾಗುತ್ತಿದ್ದರು. ಮರುದಿನ ಓಲೆಗಳು ಬೂದಿಯಾಗಿ ಉದುರುತ್ತಿದ್ದವು. ಮತ್ತೆ ಸಾವಿರ ಮನೆಗೆ ಸಾವಿರ ಓಲೆ ಬರೆಯಬೇಕು. ‘ಈ ಮನೆಯ ಒಡೆಯನಿಗೂ ಒಡತಿಗೂ ಮಾಯೆ ತಟ್ಟದಿರಲಿ, ಇದು ನಾಡಿನ ಒಡೆಯನ ಆಣೆ.’ ಮಾತೆಲ್ಲ ಒಂದೇ, ಹೆಸರು ಮಾತ್ರ ಬೇರೆ. ಕರಿಬಸಯ್ಯನ ಬೆರಳು ಸೊಟ್ಟಗಾಗಿದ್ದವು. ಎಷ್ಟು ಎಚ್ಚರವಿದ್ದರೂ ಒಂದಿಬ್ಬರ ಹೆಸರು ಬಿಟ್ಟುಹೋಗುತ್ತಿತ್ತು.

ಕಳೆದ ಹುಣ್ಣಿಮೆಗೆ ಅವನ ಹೆಂಡತಿಯೇ ಬೆಳ್ಳಕ್ಕಿಯಾದಳು. ಮುಂದಿನ ಹುಣ್ಣಿಮೆಯೊಳಗೆ ಹೆಸರು ಓಲೆಗೆ ಏರದಿದ್ದರೆ ಅವಳು ಕೊನೆತನಕ ಹಕ್ಕಿಯೇ.

“ಬರೆದಿದ್ದೆನಲ್ಲಪ್ಪಾ! ನನ್ನ ಕೈಯಾರೆ ಬರೆದಿದ್ದೆ” ಅಂತ ಅವನು ಹಣೆ ಬಡಿದುಕೊಂಡ. ಈ ಕೈಯನ್ನು ಇನ್ನು ನಂಬುವಂತಿಲ್ಲ ಅನ್ನಿಸಿತು. ಕೆರೆಯ ಏರಿಯ ಮೇಲೆ ಅವನ ಮನೆ. ಏರಿಯ ಬುಡದ ಕಲ್ಲಿನಡಿ ಒಂದು ಮಾಯದ ಕಪ್ಪೆ ಇತ್ತು, ಎತ್ತಿನಷ್ಟು ದೊಡ್ಡದು. ಹುಣ್ಣಿಮೆಯ ಬೆಳಿಗ್ಗೆ ಅದರ ಮುಂದೆ ಹೋಗಿ ಕೂತ. ಹಿಂದೆಯೇ ಬೆಳ್ಳಕ್ಕಿಯೂ ಬಂತು.

“ಒಂದೇ ಸಾಲಲ್ಲಿ ಹೇಳು” ಅಂದಿತು ಕಪ್ಪೆ. “ಹೇಳಿದಷ್ಟು ಮಾಡ್ತೀನಿ. ಹೇಳದ್ದು ಮಾಡೋಲ್ಲ.”

ಮೊದಲನೇ ಸಲ ಕರಿಬಸಯ್ಯ ಹೆಸರಿನ ಜಾಗ ಖಾಲಿ ಬಿಟ್ಟ ಓಲೆ ಕೊಟ್ಟು, “ಇದನ್ನು ಸಾವಿರ ಮಾಡು” ಅಂದ. ಕಪ್ಪೆ ನುಂಗಿತು, ಸಾವಿರ ಓಲೆ ಉಗುಳಿತು. ಎಲ್ಲದರಲ್ಲೂ ಜಾಗ ಖಾಲಿ.

“ಹೆಸರೆಲ್ಲಿ?”

“ಕೊಟ್ಟಿದ್ದೆಯಾ?”

ಎರಡನೇ ಸಲ ಖಾಲಿ ಜಾಗದಲ್ಲಿ ಒಡೆಯ, ಒಡತಿ ಅಂತ ಬರೆದ ಓಲೆಯ ಜೊತೆ ಮನೆಮನೆಯ ಹೆಸರುಪಟ್ಟಿಯನ್ನೂ ತಂದ. “ಒಡೆಯ ಅಂತ ಇರುವಲ್ಲಿ ಒಡೆಯನ ಹೆಸರು, ಒಡತಿ ಅಂತ ಇರುವಲ್ಲಿ ಒಡತಿಯ ಹೆಸರು ಹಾಕು” ಅಂದ. ಕಪ್ಪೆ ಎಲ್ಲಾ ಕಡೆ ಹಾಕಿತು, ಅರಮನೆಯ ಆಳುಗಳು ಓಲೆ ಹಂಚತೊಡಗಿದರು. ಕುಂಬಾರ ಬೀರಪ್ಪ ತನ್ನ ಓಲೆ ಹಿಡಿದು ಓಡಿಬಂದ. “ಸ್ವಾಮಿ, ‘ಇದು ನಾಡಿನ ಬೀರಪ್ಪನ ಆಣೆ’ ಅಂತಿದೆಯಲ್ಲ, ನಾನು ಯಾವಾಗ ದೊರೆಯಾದೆ?” ಸಾವಿರ ಮನೆಗೂ ಒಬ್ಬೊಬ್ಬ ದೊರೆ! ನಗು ಬರಬೇಕಿತ್ತು. ಕರಿಬಸಯ್ಯನಿಗೆ ನಗೋಕೂ ಶಕ್ತಿ ಇರಲಿಲ್ಲ. ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು.

ಮೂರನೇ ಸಲ ಹೆಸರು ಬರಬೇಕಾದ ಎರಡೇ ಜಾಗಕ್ಕೆ ಕುಂಕುಮದಲ್ಲಿ ಸುತ್ತು ಹಾಕಿದ. “ಕೆಂಪು ಸುತ್ತಿನೊಳಗೆ ಮಾತ್ರ ಪಟ್ಟಿಯ ಹೆಸರು ತುಂಬು. ಹೆಸರು ಸಿಗದಿದ್ದರೆ ಸುಮ್ಮನೆ ಉಗುಳಬೇಡ, ಕೂಗು. ನನಗೆ ಕಣ್ಣು ಎಳೀತಿದೆ, ಮಾರಾಯ.”

ಓಲೆಗಳು ಬಂದವು, ಒಂದೂ ತಪ್ಪಿಲ್ಲ. ಆಳುಗಳು ಓಡೋಡಿ ಬಾಗಿಲಿಗೆ ಕಟ್ಟಿದರು. ಕೊನೆಯ ಒಂದು ಓಲೆ ಉಳಿದಾಗ ಕಪ್ಪೆ ಕೆರೆ ನಡುಗುವಂತೆ ಕೂಗಿತು.

“ಇದು ನಿನ್ನ ಮನೆಯದು. ಪಟ್ಟಿಯಲ್ಲಿ ಒಡತಿ ‘ನಮ್ಮವಳು’ ಅಂತಿದೆ. ಊರಿನ ಗಂಡಸರೆಲ್ಲ ನಮ್ಮವಳು ಅಂತಾರೆ. ಇದು ಖಾಲಿ ಜಾಗ ಕಣೋ, ಹೆಸರಲ್ಲ.”

ಆ ನಾಡಿನಲ್ಲಿ ಗಂಡ ಹೆಂಡತಿಯ ಹೆಸರು ಹೇಳಬಾರದು, ಬರೆಯಲೂಬಾರದು. ಗಂಡನ ಆಯುಷ್ಯ ಕಮ್ಮಿಯಾಗುತ್ತದೆ ಅಂತ ನಂಬಿಕೆ. ಮೊದಲೆಲ್ಲ ಅವನ ಮನೆಯ ಓಲೆ ಬರೆಯುತ್ತಿದ್ದವರು ಅವನ ಗುರುಗಳು. ಅವರು ತೀರಿಕೊಂಡ ಮೇಲೆ, ಕಳೆದ ಹುಣ್ಣಿಮೆಗೆ, ಮೊದಲ ಸಲ ತಾನೇ ಬರೆದಿದ್ದ. ನಮ್ಮವಳು ಅಂತ ಬರೆದಿದ್ದ.

“ಹೆಸರು ಹೇಳು. ಹೊತ್ತು ಮುಳುಗ್ತಿದೆ” ಅಂದಿತು ಕಪ್ಪೆ.

ಮೂವತ್ತು ವರ್ಷ ‘ಲೇ’, ‘ಇವಳೇ’, ‘ಕೇಳಿಸ್ತೇನೇ’ ಅಂದ ಬಾಯಿ. ಹೆಸರು ನೆನಪಿತ್ತು, ನಾಲಿಗೆ ಏಳಲಿಲ್ಲ. ಬೆಳ್ಳಕ್ಕಿ ಅವನನ್ನೇ ನೋಡುತ್ತಾ ಒಂಟಿ ಕಾಲಲ್ಲಿ ನಿಂತಿತ್ತು. ಅದೂ ದಣಿದಿತ್ತು. ಅದನ್ನು ನೋಡಿ ಅವನಿಗೆ ಅಳು ಬಂತು.

“ಹಂಪವ್ವ” ಅಂದ. “ಅವಳ ಹೆಸರು ಹಂಪವ್ವ. ನನ್ನ ಆಯುಷ್ಯ ಹೋದರೆ ಹೋಗಲಿ.”

ಕಪ್ಪೆ ಓಲೆ ಉಗುಳಿತು. ಅವನು ಏದುಸಿರು ಬಿಡುತ್ತಾ ಏರಿ ಹತ್ತಿ ಬಾಗಿಲಿಗೆ ಕಟ್ಟಿದ. ಅಷ್ಟರಲ್ಲಿ ಬೂದಿಮುಖನ ಮಂತ್ರ ಬಂತು. ಮನೆಮನೆ ತಿರುಗಿತು. ಖಾಲಿ ಜಾಗ ಎಲ್ಲೂ ಸಿಗಲಿಲ್ಲ. ನಾಡಿನಲ್ಲಿ ಓಲೆಯೇ ಇಲ್ಲದವನು ಒಬ್ಬನೇ, ಆ ಮಂತ್ರ ಬಿಟ್ಟವನು. ವಾಪಸು ಹೋಗಿ ಅವನ ಮೇಲೇ ಕೂತಿತು. ಬೂದಿಮುಖ ಬೆಳ್ಳಕ್ಕಿಯಾಗಿ ಹಾರಿಹೋದ, ಬೆಳ್ಳಕ್ಕಿಯಾಗಿದ್ದವರೆಲ್ಲ ಮನುಷ್ಯರಾದರು.

ಹಂಪವ್ವ ಹೊಸ್ತಿಲಲ್ಲಿ ಕೂತು ಕಾಲು ಒತ್ತಿಕೊಂಡಳು. ಗಂಡ ತಲೆ ತಗ್ಗಿಸಿ ನಿಂತಿದ್ದ.

“ಇನ್ನೊಂದ್ಸಲ ಹೇಳ್ರಿ” ಅಂದಳು.

“ಹಂಪವ್ವ.”

“ಹೂಂ. ಈಗ ಹೋಗಿ ಮಲಗ್ರಿ.”

ಅವನು ಮೂರು ದಿನ ಮಲಗಿದ. ಊರೂ ಮಲಗಿತು, ದೊರೆಯೂ ಮಲಗಿದ. ಎದ್ದ ಮೇಲೆ ಎಲ್ಲರೂ ಸುಖವಾಗಿದ್ದರು. ಕರಿಬಸಯ್ಯನೂ ತುಂಬು ಆಯುಷ್ಯ ಬಾಳಿದ. ಆದರೆ ಅವನು ಮರೆತು ‘ಲೇ’ ಅಂದರೆ ಮಾತ್ರ ಹಂಪವ್ವ ತಿರುಗಿಯೂ ನೋಡುತ್ತಿರಲಿಲ್ಲ.