ತಾನಾಗೇ ಓಡುವ ಮೋಟಾರು

ಪಾರ್ಥಸಾರಥಿ ಮಳವಳ್ಳಿಗೆ ಬರುವ ತನಕ ಚಿಕ್ಕಣ್ಣನನ್ನು ಕೇಳದೆ ಸುತ್ತಲ ಯಾವ ಗದ್ದೆಗೂ ನೀರು ಹರಿಯುತ್ತಿರಲಿಲ್ಲ. ಆಯಿಲ್ ಇಂಜಿನ್ನಿನ ಕೆಮ್ಮು ಕೇಳಿಯೇ ಕಾಯಿಲೆ ಹೇಳುವ ಮೆಕ್ಯಾನಿಕ್ ಅವನು. ಎಪ್ಪತ್ತೆರಡನೇ ಇಸವಿಯಲ್ಲಿ ಭಾಸ್ಕರ ಕಂಪನಿಯ ಕರೆಂಟು ಮೋಟಾರಿನ ಏಜೆಂಟನಾಗಿ ಬಂದ ಪಾರ್ಥಸಾರಥಿ, ಗರಿಗರಿ ಪಂಚೆಯಲ್ಲಿ ನಿಂತು, ಊರೂರಿಗೂ ಒಂದೇ ಪಾಠ ಒಪ್ಪಿಸಿದ: "ಪಕ್ಕದಲ್ಲಿ ಮನುಷ್ಯ ಇರೋದೇ ಬೇಡ ಸ್ವಾಮಿ, ಕರೆಂಟು ಬಂದರೆ ತಾನಾಗೇ ಶುರುವಾಗುತ್ತೆ!"

ಎರಡೇ ವರ್ಷ. ಕಿರುಗಾವಲಿನಿಂದ ಮದ್ದೂರಿನವರೆಗೆ ಪಂಪು ಅದೇ ಕಂಪನಿಯದು, ಸ್ಟಾರ್ಟರು ಅದೇ ಕಂಪನಿಯದು. ಬೇರೆಯವರ ಸ್ಪ್ಯಾನರು ಆ ನಟ್ಟಿಗೆ ಕೂರುತ್ತಲೂ ಇರಲಿಲ್ಲ. ಚಿಕ್ಕಣ್ಣನ ಶೆಡ್ಡಿನಲ್ಲಿ ಬಲೆ ನೇಯುವ ಜೇಡನಿಗೆ ಮಾತ್ರ ಕೆಲಸ. ಕೊನೆಯ ಗಿರಾಕಿ ಕೆಂಪಯ್ಯನೂ ಇಂಜಿನ್ನನ್ನು ಗುಜರಿಗೆ ಹಾಕಿದ ದಿನ ಚಿಕ್ಕಣ್ಣ ರೇಗಿದ್ದ: "ಎಲ್ಲಾನೂ ಒಬ್ಬನ್ ಕೈಗೇ ಕೊಟ್ಬುಟ್ರೆ, ಅವ ಕೈ ಎತ್ತಿದ್ ದಿನ ಏನ್ಲಾ ಮಾಡೀಯೆ?"

"ನಿನ್ ಇಂಜಿನ್ ಒಗೆ ಕುಡ್ದು ಸಾಯೋದು ತಪ್ತಲ್ಲ, ಅಷ್ಟು ಸಾಕು ಬುಡ್ಲಾ."

ಆ ಕೈಯನ್ನು ತಾನೇ ಎತ್ತಿಸಬೇಕೆಂದು ಚಿಕ್ಕಣ್ಣ ಅಂದೇ ತೀರ್ಮಾನಿಸಿದ. ಮೂರು ತಾಲ್ಲೂಕಿನ ಮೋಟಾರುಗಳ ಬಿಡಿಭಾಗಗಳೆಲ್ಲ ಇದ್ದುದು ಮದ್ದೂರು ರಸ್ತೆಯ ಒಂದೇ ಗೋಡೌನಿನಲ್ಲಿ. ಅದೊಂದು ಸುಟ್ಟರೆ, ಭತ್ತ ತೆನೆ ಕಟ್ಟುವ ಹೊತ್ತಿಗೆ, ಕೆಟ್ಟ ಮೋಟಾರುಗಳು ಕೆಟ್ಟೇ ಕೂರುತ್ತವೆ. ಆಗ ಬಂದು ಬೀಳಲಿ ನನ್ನ ಕಾಲಿಗೆ. ಕಾವಲಿನ ಮಾದಯ್ಯ ಒಂದು ಗಂಟೆಗೆ ಊಟಕ್ಕೆ ಹೋಗುತ್ತಾನೆ. ಹಿಂದಿನ ಕಿಟಕಿಗೆ ಗಾಜಿಲ್ಲ.

ಅನುಮಾನ ಮೊದಲು ಬರುವುದು ತನ್ನ ಮೇಲೇ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೂ ಮದ್ದು ಹುಡುಕಿದ್ದ. ಬಾಗಿಲು ಹಾಕಿಕೊಂಡು ಒಬ್ಬನೇ ಪಾರ್ಥಸಾರಥಿಯನ್ನು ಅಣಕಿಸುತ್ತ ಬೈಯುವುದು ಅವನ ದಿನಚರಿ. ಎದುರಿನ ಇಡ್ಲಿ ಅಂಗಡಿಯ ಹೊಂಬಾಳಮ್ಮನಿಗೆ ಅದೇ ರೇಡಿಯೊ. ಮೈಸೂರಿನ ಭಾವನಿಂದ ಟೇಪ್ ರೆಕಾರ್ಡರ್ ತಂದು ಮುಕ್ಕಾಲು ಗಂಟೆಯ ಬೈಗುಳ ತುಂಬಿಸಿದ. ಒಂದು ಗಂಟೆಗೆ ಸರಿಯಾಗಿ ಪ್ಲಗ್ಗು ಸಿಕ್ಕಿಸಿ, ಗುಂಡಿ ಒತ್ತಿ, ಹಿಂಬಾಗಿಲಿನಿಂದ ಸೈಕಲ್ ಹತ್ತಿದ.

ಸೀಮೆಎಣ್ಣೆ, ಕಡ್ಡಿ, ಹೊಗೆ. ಎಲ್ಲವೂ ಅಂದುಕೊಂಡಂತೆ. ಜನ ಓಡಿಬರುತ್ತಿದ್ದ ರಸ್ತೆ ತಪ್ಪಿಸಿ ಗದ್ದೆ ಬದುವಿನ ಮೇಲೆ ಬಳಸಿ ಬಂದಾಗ ಎರಡು ಗಂಟೆ. ಶೆಡ್ಡು ನಿಶ್ಶಬ್ದ. ಟೇಪು ಮುಗಿದಿರಬೇಕಾದ ಹೊತ್ತೇ, ಮುಗಿದಿದೆ. ಅಷ್ಟರಲ್ಲಿ ಯಾರೋ ಮುಂಬಾಗಿಲು ಗುದ್ದಿದರು. ರೆಕಾರ್ಡರಿನ ಮೇಲೆ ಗೋಣಿಚೀಲ ಎಸೆದು, ಕೈಗೆ ಗ್ರೀಸು ಬಳಿದುಕೊಂಡು ಬಾಗಿಲು ತೆರೆದ. ಸೀಮೆಎಣ್ಣೆ ವಾಸನೆ ಅವನ ಮೈಗೇನೂ ಹೊಸದಲ್ಲ.

ನಿಂತಿದ್ದವನು ಪೊಲೀಸ್ ದಫೇದಾರ್ ಮರಿಯಯ್ಯ. ಅವನ ಹಿಂದೆ ಮಸಿ ಮೆತ್ತಿದ ಪಂಚೆಯ ಪಾರ್ಥಸಾರಥಿ. "ಇವನೇ ಸ್ವಾಮಿ, ಗೋಡೌನಿಗೆ ಬೆಂಕಿ ಹಚ್ಚಿದ್ದು ಇವನೇ!"

"ಬೀಡಿ ಅಚ್ಚೋಕೂ ಪುರುಸೊತ್ತಿಲ್ಲ ನಂಗೆ," ಎಂದ ಚಿಕ್ಕಣ್ಣ.

ಎದುರಿನಿಂದ ಹೊಂಬಾಳಮ್ಮ ಕೂಗಿದಳು: "ಅವ ಎಲ್ಲೋದಾನು ಬುಡಪ್ಪಾ! ಒಂದ್ ಗಂಟೆಯಿಂದ ಒಳಗೇ ಕುಂತು ಬಯ್ತಿದ್ದ. ಏನ್ಲಾ ಚಿಕ್ಕಣ್ಣ, ಅರ್ಧಕ್ಕೇ ಬಾಯಿ ಮುಚ್ಕೊಂಡೆ?"

"ಗಂಟ್ಲು ಒಣಗೋಯ್ತು ಕಣಮ್ಮ."

ಮರಿಯಯ್ಯ ನೋಟ್ ಪುಸ್ತಕ ಮಡಚಿದ. ಚಿಕ್ಕಣ್ಣ ನಗು ನುಂಗಿಕೊಂಡು ಬಾಗಿಲು ಎಳೆಯಲು ಹೋದ. ಬೆಂಕಿ ಕಂಡ ಕೂಡಲೇ ಲೈನ್‌ಮ್ಯಾನ್ ಮಾಡಿದ ಮೊದಲ ಕೆಲಸ ಊರಿನ ಕರೆಂಟು ತೆಗೆದದ್ದು ಎಂಬುದು, ಡೀಸೆಲ್ ಬಿಟ್ಟು ಬೇರೇನನ್ನೂ ನಂಬದ ಆ ತಲೆಗೆ ಹೊಳೆದೇ ಇರಲಿಲ್ಲ. ಈಗ ಗೋಡೌನಿನ ತಂತಿಯನ್ನಷ್ಟೇ ಕತ್ತರಿಸಿ ಊರಿಗೆ ಕರೆಂಟು ಬಿಟ್ಟರು. ಇಡ್ಲಿ ಅಂಗಡಿಯ ಬಲ್ಬು ಹಾಡಹಗಲೇ ಹೊತ್ತಿಕೊಂಡಿತು. ಚಿಕ್ಕಣ್ಣನ ಬೆನ್ನ ಹಿಂದೆ, ಗೋಣಿಚೀಲದ ಅಡಿಯಿಂದ, ಮೊದಲೊಂದು ನರಳಾಟ, ಆಮೇಲೆ ವೇಗ ಹಿಡಿದು ಅವನದೇ ದನಿ, ಪಾರ್ಥಸಾರಥಿಯ ಧಾಟಿಯಲ್ಲಿ: "...ಇರೋದೇ ಬೇಡ ಸ್ವಾಮಿ, ಕರೆಂಟು ಬಂದರೆ ತಾನಾಗೇ ಶುರುವಾಗುತ್ತೆ!"