ಮಾಹಿತಿದಾರ ಏಳು

ಓಬಳೇಶ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಸಹಿ ಮಾತ್ರ ಹಾಕಲಿಲ್ಲ.

ಎದುರಿಗೆ ಕೂತ ಉಷಾರಾಣಿ ಜಗಳೂರಿನ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವ ಮೇಡಂ. ಮೊಬೈಲಿನಿಂದ ಹುಟ್ಟಿದ ಹೋರಾಟಗಳ ಮೇಲೆ ಅವಳ ಪಿಎಚ್‌ಡಿ. ಬಿಳಿಚೋಡಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಓಬಳೇಶ್, ಕಾಲೇಜು ಹುಡುಗಿಯರಿಗೆ ಸಂಜೆ ಬಸ್ ಬೇಕೆಂದು ವಾಟ್ಸಾಪ್ ಗ್ರೂಪ್ ಕಟ್ಟಿ ಊರನ್ನೇ ರಸ್ತೆಗಿಳಿಸಿದವನು. ಎರಡು ವರ್ಷ ಆ ಕಥೆಯನ್ನೆಲ್ಲ ಅವಳಿಗೆ ವಾಯ್ಸ್ ಮೆಸೇಜಿನಲ್ಲಿ ಹೇಳಿದ್ದ. ಪ್ರಬಂಧದಲ್ಲಿ ಅವನ ಹೆಸರಿಲ್ಲ. ಮಾಹಿತಿದಾರ ಏಳು, ಅಷ್ಟೇ. ಬರೆದದ್ದನ್ನು ಹೇಳಿದವರಿಗೇ ಓದಿಸಿ ಸಹಿ ಪಡೆಯುವುದು ಅವಳ ಪದ್ಧತಿ. ನಾಳೆ ಗೈಡ್‌ಗೆ ಕೊಡಬೇಕು. ಈ ಸಹಿ ಇಲ್ಲದಿದ್ದರೆ ಇಡೀ ಅಧ್ಯಾಯವೇ ಹೋಯಿತು.

ಹೋದರೆ ಹೋಗಲಿ ಅನ್ನಿಸಿತು ಅವಳಿಗೆ. ಇತ್ತೀಚೆಗೆ ಎಲ್ಲದಕ್ಕೂ ಹಾಗೆಯೇ. ಬರೆದುಕೊಂಡ ಊರವರ ಮಾತುಗಳಲ್ಲಿ ಸಿಟ್ಟಿಗೆ ಕೆಂಪು ಗುರುತು, ಆಸೆಗೆ ಹಸಿರು ಗುರುತು ಹಾಕಿ ಹಾಕಿ ಅವಳ ಮನಸ್ಸೇ ಜೋಮು ಹಿಡಿದಿತ್ತು. ನ್ಯಾಮತಿಯಿಂದ ಅವ್ವ ಗಂಡಿನ ಫೋಟೋ ಕಳಿಸಿದರೆ, ತೆರೆದೂ ನೋಡದೆ 'ಹೂಂ' ಎಂದು ಕಳಿಸುತ್ತಿದ್ದಳು ಪುಣ್ಯಾತ್ಗಿತ್ತಿ!

"ಏನ್ ತಪ್ಪೈತ್ರಿ ಇದ್ರಾಗೆ?"

"ತಪ್ಪೇನಿಲ್ರಿ ಮೇಡಂ. ಬಸ್ ಐತೆ, ಧರಣಿ ಐತೆ, ನನ್ ಸಿಟ್ಟೂ ಐತೆ." ಹಾಳೆ ತಿರುವುತ್ತಲೇ ಓರೆಗಣ್ಣಲ್ಲಿ ಅವಳನ್ನು ನೋಡಿದ. "ಪ್ರತಿ ಮೆಸೇಜಿನ ಕೊನೆಗೆ 'ಉಂಡ್ರೇನ್ರಿ' ಅಂತ ಕೇಳ್ತಿದ್ನಲ್ಲ, ಅದೆಲ್ಲಿ ಹೋತು?"

"ಅದು ಸಂಶೋಧನೆಗೆ ಬರಲ್ರಿ."

"ಹಂಗಾದ್ರೆ ಅಳಿಸಿಬಿಟ್ರಾ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ.

"ಇಲ್ಲ. ಬೇರೆ ಇಟ್ಟೀನಿ. ರೂಮಿನಾಗೆ ಒಬ್ಳೇ ಉಣ್ಣಾಕೆ ಕೂತಾಗ ಹಾಕ್ಕೊಂಡು ಕೇಳ್ತೀನಿ. ಇಲ್ಲಾಂದ್ರೆ ಗಂಟಲಾಗೆ ಅನ್ನ ಇಳಿಯಲ್ಲ."

ಓಬಳೇಶನ ಕಿವಿ ಕೆಂಪಾದವು. ಧರಣಿಯಲ್ಲಿ ಗಂಟಲು ಹರಿಯುವಂತೆ ಕೂಗಿದ ಗಂಡಸು ಈಗ ಮತ್ತೆ ಪೆನ್ನಿನ ಮುಚ್ಚಳ ತೆಗೆದು ಹಾಕತೊಡಗಿದ.

ಉಷಾರಾಣಿ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. ಅಧ್ಯಾಯದ ಮೊದಲ ಪುಟದಲ್ಲಿ 'ಸಂಶೋಧಕಿ ತಟಸ್ಥಳಾಗಿದ್ದಾಳೆ' ಎಂಬ ಸಾಲಿತ್ತು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದಳು: 'ಮಾಹಿತಿದಾರ ಏಳರ ವಿಷಯದಲ್ಲಿ ಸಂಶೋಧಕಿ ತಟಸ್ಥಳಲ್ಲ.'

ಅವನು ಮೂರು ಸಲ ಓದಿದ.

"ಹಂಗಂದ್ರೆ ಏನ್ರಿ?"

"ಅಯ್ಯೋ, ಗೊತ್ತಾಗಲಿಲ್ಲೇನ್ರಿ? ನೀವಂದ್ರೆ ನಂಗಿಷ್ಟ ಅಂತ!"

ಹೇಳಿದ ಮೇಲೆ ಅವಳ ಎದೆ ಡವಡವ ಹೊಡೆದುಕೊಂಡಿತು. ಹೀಗೆ ಹೆದರಿ ಎಷ್ಟು ತಿಂಗಳಾಗಿತ್ತೋ! ಹೆದರಿಕೆಯ ಜೊತೆಗೇ ಖುಷಿಯೂ ಆಯಿತು.

"ಗೈಡ್ ಒಪ್ತಾರಾ?"

"ಒಪ್ಪಲ್ಲ. ಇದನ್ನ ಕಿತ್ತಾಕಿ ಬೇರೆ ಬರಿ ಅಂತಾರೆ. ಇನ್ನೊಂದು ವರ್ಷ ಹಿಡೀತದೆ."

"ಮತ್ತೆ?"

"ಹಿಡೀಲಿ ಬಿಡ್ರಿ."

ಓಬಳೇಶ್ ಪೆನ್ನು ಈಸಿಕೊಂಡು ಆ ಹೊಸ ಸಾಲಿನ ಕೆಳಗೆ ಬರೆಯತೊಡಗಿದ. ಪೂರ್ತಿ ಹೆಸರು, ಅಪ್ಪನ ಹೆಸರು, ಊರು.

"ಏ, ಹೆಸ್ರು ಹಾಕಂಗಿಲ್ರಿ ಅಲ್ಲಿ! ನಿಯಮ ಐತೆ."

ಅವನು ತಲೆ ಎತ್ತಲಿಲ್ಲ. "ಹೆಣ್ಣು ಕೇಳಾಕೆ ಬಂದಾಗ ನಿಮ್ಮವ್ವಾರ ಮುಂದೆ ನನ್ ಹೆಸ್ರು ಏಳು ಅಂತ ಹೇಳಾಕಾಗ್ತದೇನ್ರಿ?"