ಹೊರಚಿಲಕದ ಕೋಣೆ

ಸದಾಶಿವ ಪೇಠದಲ್ಲಿ ಪೇಶ್ವೆಗಳ ಕಾಲದ ದೊಡ್ಡ ವಾಡೆ-ಮನೆಯೊಂದನ್ನು ಕೆಡವುವ ಮೊದಲು ಅಳತೆ ತೆಗೆಯಲು ಹೋಗಿದ್ದೆ. ಮಟಮಟ ಮಧ್ಯಾಹ್ನ. ನಮ್ಮ ಧಾರವಾಡದ ಕಡೆಯ ಕಾವಲುಗಾರ ಪ್ರಲ್ಹಾದ ಹಿತ್ತಲಿನ ಕತ್ತಲೆ ಕೋಣೆ ತೋರಿಸಿದ.

“ವಿಧವಾ ಹೆಣ್ಣಮಕ್ಕಳ ತಲಿ ಬೋಳಿಸಿ ಇಲ್ಲೇ ಇಡ್ತಿದ್ರು ರೀ. ಚಿಲಕ ಹೊರಗಷ್ಟ ಅದ ನೋಡ್ರಿ.”

ಹೊಸ್ತಿಲಲ್ಲಿ ಕುಳಿತು ಎದುರು ಗೋಡೆಗೆ ಲೇಸರ್ ಮೀಟರ್ ಹಿಡಿದೆ: ಒಂಬತ್ತು ಅಡಿ. ಎದ್ದು ನಿಂತು ಅದೇ ಗೋಡೆಗೆ ಹಿಡಿದರೆ ಹನ್ನೆರಡು. ಮತ್ತೆ ಕುಳಿತೆ: ಏಳು.

“ಒಳಗ ಯಾರರ ಅದಾರೇನ್ರಿ?”

“ಖಾಲಿ ಅದ ರೀ, ಮೇಡಂ.”

ಒದ್ದೆ ಸೀರೆಯ ವಾಸನೆ ಬಂತು. ಕುಳಿತಲ್ಲೇ ಮತ್ತೆ ಗುಂಡಿ ಒತ್ತಿದೆ: ನಾಲ್ಕು.

ನಾನು ಹಿಂದಕ್ಕೆ ಹಾರಿ, ಬಾಗಿಲೆಳೆದು ಚಿಲಕ ಜಡಿದೆ. ಒಳಗಿನಿಂದ ಬಡಿಯುತ್ತಾರೆಂದು ಕಾದೆ. ಯಾರೂ ಬಡಿಯಲಿಲ್ಲ. ಒಳಗಿದ್ದವಳಿಗೆ ರೂಢಿಯಿತ್ತೇನೋ.